ಮಾಡುವ ಕೈ, ಬರೆಯುವ ಕೈ

ಈಗ ಎಲ್ಲಿ ಹೋದರೂ ‘ಸ್ಟಾರ್ಟ್‌ಅಪ್’ ಎಂಬ ಶಬ್ದವೇ ಕಿವಿಗೆ ಬೀಳುತ್ತದೆ. ಕೇಂದ್ರ ಸರಕಾರವು 2016ರ ಜನವರಿ 16ರಂದು ‘ಸ್ಟಾರ್ಟ್‌ಅಪ್ ಇಂಡಿಯಾ’ ಯೋಜನೆಯನ್ನು ಆರಂಭಿಸಿದಂದಿನಿಂದ ಈ ಶಬ್ದವು ಬೆಂಗಳೂರಿನ ಗಾಜಿನ ಕಟ್ಟಡಗಳನ್ನು ದಾಟಿ ನಮ್ಮಂಥ ಸರಕಾರಿ ಕಾಲೇಜುಗಳ ಸೂಚನಾಫಲಕದವರೆಗೂ ಬಂದು ಮುಟ್ಟಿದೆ. ಹೊಸ ಉದ್ಯಮವನ್ನು ಕಟ್ಟಬೇಕು, ಹೊಸ ಪದಾರ್ಥವನ್ನು ಪೇಟೆಗೆ ತರಬೇಕು, ಅದರ ಗುಣ ಕೆಡದಂತೆ ನೋಡಿಕೊಳ್ಳಬೇಕು ಎಂಬ ಉಪದೇಶ ಕೇಳುವುದಕ್ಕೆ ಹಿತವಾಗಿದೆ. ಆದರೆ ಉಪದೇಶ ಮಾಡುವವರು ಕೊಡುವ ದೃಷ್ಟಾಂತಗಳೆಲ್ಲ ದೂರದವು. ಕ್ಯಾಲಿಫೋರ್ನಿಯದ ಗ್ಯಾರೇಜುಗಳಲ್ಲಿ ಹುಟ್ಟಿದ ಕಂಪನಿಗಳವು. ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಇದು ತಮ್ಮ ಬಾಬತ್ತಲ್ಲವೆಂದು ತೋರುವುದು ಸಹಜವೇ ಆಗಿದೆ.

ನನಗೆ ಹಾಗೆ ತೋರುವುದಿಲ್ಲ. ಪದಾರ್ಥವನ್ನು ಮಾಡುವುದು, ಅದರ ಗುಣವನ್ನು ಕಾಯುವುದು, ಅದರ ವಿಷಯವಾಗಿ ಬರೆಯುವುದು ಈ ಮೂರೂ ಒಂದೇ ಉದ್ಯೋಗದ ಭಾಗಗಳೆಂದು ನನ್ನ ತಿಳಿವಳಿಕೆ. ಇದನ್ನು ಅರಿಯಲು ಸಮುದ್ರ ದಾಟಬೇಕಾಗಿಲ್ಲ. ಇಳಕಲ್ಲಿನ ಒಂದು ಕುಣಿಮಗ್ಗ, ಬಾದಾಮಿಯ ಒಂದು ಗುಹೆ, ಐಹೊಳೆ ಪಟ್ಟದಕಲ್ಲುಗಳ ಒಂದೆರಡು ಶಾಸನ, ವಿಜಾಪುರದ ಒಂದು ಚಿಕ್ಕ ಮುದ್ರಣಾಲಯ ಇಷ್ಟು ಸಾಕು. ಮಗ್ಗದಿಂದಲೇ ತೊಡಗುತ್ತೇನೆ, ಯಾಕಂದರೆ ನಾನು ಮಗ್ಗದ ಮನೆಯವಳು. ಓದು ಕಲಿಯುವ ಮೊದಲೇ ಕಂಡಿಕೆ ಸುತ್ತುವುದನ್ನು ಕಲಿತವಳು. ನಮ್ಮ ಮನೆತನದಲ್ಲಿ ಪದವಿಯ ಬಾಗಿಲವರೆಗೆ ಬಂದವಳು ನಾನೇ ಮೊದಲು.

ಇಳಕಲ್ ಸೀರೆಯನ್ನು ನೋಡದವರು ನಮ್ಮ ಭಾಗದಲ್ಲಿ ಇಲ್ಲ. ಆದರೆ ಅದು ಯಾಕೆ ಇಳಕಲ್ ಸೀರೆ ಎಂಬುದನ್ನು ಹೇಳಬಲ್ಲವರು, ಅದನ್ನು ದಿನಾಲೂ ಉಡುವವರಲ್ಲಿಯೂ ಕಡಿಮೆ. ಬಟ್ಟೆಯ ಬಣ್ಣವೆಂಬುದು ಒಂದು ನೂಲಿನಿಂದ ಆಗುವುದಲ್ಲ. ಉದ್ದಕ್ಕೆ ಹೋಗುವ ಹಾಸು, ಅಡ್ಡಕ್ಕೆ ಹೋಗುವ ಹೊಕ್ಕು, ಈ ಎರಡರ ಬಣ್ಣವೂ ಕೂಡಿ ಕಣ್ಣಿಗೆ ಕಾಣುತ್ತದೆ. ಹಾಸು ಕಪ್ಪು, ಹೊಕ್ಕು ಕೆಂಪು ಆದರೆ ಬಟ್ಟೆ ಅಚ್ಚ ಕೆಂಪೂ ಆಗುವುದಿಲ್ಲ, ಅಚ್ಚ ಕಪ್ಪೂ ಆಗುವುದಿಲ್ಲ. ಎರಡೂ ಕಲೆತ ಮಬ್ಬು ಬಣ್ಣವಾಗುತ್ತದೆ. ಈಗ ಒಂದು ಸೀರೆಯನ್ನು ಕಲ್ಪಿಸಿಕೊಳ್ಳಿರಿ. ಒಡಲು ಕಪ್ಪು ಅಥವಾ ನೀಲಿ; ಸೆರಗು ಮಾತ್ರ ದಾಸವಾಳದಂತೆ ಕೆಂಪಾಗಿರಬೇಕು. ಒಡಲಿನ ಹಾಸೇ ಸೆರಗಿನವರೆಗೂ ಬಂದರೆ ಆ ಕೆಂಪು ಸಿಕ್ಕುವುದಿಲ್ಲ. ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಕಷ್ಟದ್ದು, ಆದರೆ ಪೂರ್ಣವಾದದ್ದು: ಸೆರಗಿನ ಹಾಸನ್ನೇ ಬೇರೆ ಮಾಡಿದರು. ಒಡಲಿನ ಹಾಸು ಹತ್ತಿಯದಾಗಲಿ ರೇಶಿಮೆಯದಾಗಲಿ ಇರಬಹುದು. ಸೆರಗಿನ ಹಾಸು ರೇಶಿಮೆಯದೇ. ಒಡಲಿನ ಹಾಸು ಮುಗಿಯುವಲ್ಲಿ ಅದರ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಕೂಡಿಸಿದರು. ಇದೇ ಟೋಪತೆನಿ. ಕೆಂಪಿನ ಮೂರು ಪಟ್ಟೆ, ನಡುವೆ ಬಿಳಿಯ ಎರಡು ಪಟ್ಟೆ ಇರುವ ಆ ಸೆರಗಿಗೂ ಇದೇ ಹೆಸರು. ತೆನಿ ಎಂದರೆ ಜೋಳದ ತೆನೆಯೇ. ಸೆರಗಿನ ಚಿತ್ತಾರಗಳಲ್ಲಿ ತೆನೆಯ ಜೊತೆಗೆ ಹಣಿಗೆಯೂ ಉಂಟು, ಕೋಟೆಯ ತೆನೆಗಳೂ ಉಂಟು, ಬೆಟ್ಟದ ಸಾಲೂ ಉಂಟು. ಹೊಲ, ಮನೆ, ಊರು, ಗುಡ್ಡ ಎಲ್ಲವೂ ಹೆಗಲ ಮೇಲೆ ಬಂದ ಹಾಗಾಯಿತು.

ದಡಿಯದೂ ಇದೇ ನ್ಯಾಯ. ದಡಿಯ ಬಣ್ಣ ಒಡಲಿಗೆ ಹರಿಯಬಾರದು, ಒಡಲಿನದು ದಡಿಗೆ ಬರಬಾರದು. ಅದಕ್ಕಾಗಿ ನೇಕಾರನು ಮೂರು ಲಾಳಿಗಳನ್ನು ಇಟ್ಟುಕೊಳ್ಳುತ್ತಾನೆ. ನಡುವಿನ ಲಾಳಿ ಒಡಲಿಗೆ, ಅತ್ತಿತ್ತಲಿನ ಎರಡು ದಡಿಗಳಿಗೆ. ಒಡಲಿನ ಹೊಕ್ಕು ದಡಿಯ ಅಂಚಿಗೆ ಬಂದಾಗ ದಡಿಯ ಹೊಕ್ಕಿಗೆ ಕೊಂಡಿ ಹಾಕಿಕೊಂಡು ಹಿಂದಿರುಗುತ್ತದೆ. ಒಂದೊಂದು ಎಳೆಗೂ ಎರಡು ಕಡೆಗೂ ಕೊಂಡಿ. ಚಿಕ್ಕಿ, ಗೋಮಿ, ಗಾಡಿ, ಪರಾಸಪೇಟ ಎಂದು ದಡಿಗಳ ಹೆಸರು ಬೇರೆ ಬೇರೆ ಇದ್ದರೂ ಕೊಂಡಿಯ ಕೆಲಸ ತಪ್ಪುವುದಿಲ್ಲ.

ಈ ಟೋಪತೆನಿಯ ಬೆಲೆಯೇನೆಂಬುದನ್ನೂ ನೋಡಬೇಕು. ಪ್ರತಿಯೊಂದು ಸೀರೆಗೂ ಸೆರಗನ್ನು ಬೇರೆಯಾಗಿ ಕೂಡಿಸಬೇಕಾದುದರಿಂದ ನೇಕಾರನು ಒಂದು ಸಲಕ್ಕೆ ಒಂದೇ ಸೀರೆಯ ಹಾಸನ್ನು ಹೂಡಬಲ್ಲನು. ಆರು ಗಜ, ಎಂಟು ಗಜ, ಒಂಬತ್ತು ಗಜ, ಇಷ್ಟೇ. ಬೇರೆ ಊರಿನ ಮಗ್ಗಗಳಲ್ಲಿ ಹಲವು ಸೀರೆಗಳ ಉದ್ದದ ಹಾಸನ್ನು ಒಮ್ಮೆಲೆ ಸುತ್ತಿಟ್ಟು ತಿಂಗಳುಗಟ್ಟಲೆ ನೇಯುತ್ತ ಹೋಗಬಹುದು. ಇಲ್ಲಿ ಒಂದು ಸೀರೆ ಇಳಿದ ಮೇಲೆ ಮತ್ತೆ ಮೊದಲಿನಿಂದ. ಹಾಸು ಕೂಡಿಸುವುದು, ಗಂಜಿ ಹಾಕುವುದು, ಕಂಡಿಕೆ ಸುತ್ತುವುದು ಇವುಗಳಲ್ಲಿ ಹೆಚ್ಚಿನ ಪಾಲು ಮನೆಯ ಹೆಂಗಸರದು. ಲೆಕ್ಕ ಬರೆಯುವಾಗ ಆ ಪಾಲು ಹೆಚ್ಚಾಗಿ ಬಿಟ್ಟುಹೋಗುತ್ತದೆ. ಅದಿರಲಿ.

ವಿದ್ಯುತ್ ಮಗ್ಗಕ್ಕೆ ಈ ಕುಣಿಕೆಯ ತಾಳ್ಮೆ ಎಲ್ಲಿಯದು? ಅದು ಒಡಲಿನ ಹಾಸನ್ನೇ ಕೊನೆಯವರೆಗೂ ಓಡಿಸಿ, ಹೊಕ್ಕಿನಲ್ಲಿ ಮಾತ್ರ ಕೆಂಪನ್ನು ಕೊಟ್ಟು, ದೂರದಿಂದ ನೋಡಿದರೆ ಟೋಪತೆನಿಯಂತೆಯೇ ಕಾಣುವ ಸೆರಗನ್ನು ಬೇಗನೆ ಇಳಿಸುತ್ತದೆ. ಅದರ ಬೆಲೆ ಕಡಿಮೆ. ವಿದ್ಯುತ್ ಮಗ್ಗದವರನ್ನು ನಾನು ನಿಂದಿಸುವುದಿಲ್ಲ. ಅವರೂ ನಮ್ಮವರೇ, ಅವರದೂ ಹೊಟ್ಟೆಯೇ. ದಿನಗೂಲಿಯ ಹೆಣ್ಣುಮಗಳು ಹಬ್ಬಕ್ಕೊಂದು ಸೀರೆ ಉಡುವುದು ಅದರಿಂದಲೇ ಸಾಧ್ಯವಾಗಿದೆ. ನನ್ನ ತಕರಾರು ಒಂದೇ. ಎರಡನ್ನೂ ಒಂದೇ ಹೆಸರಿನಿಂದ ಒಂದೇ ಕಪಾಟಿನಲ್ಲಿಟ್ಟು ಮಾರುತ್ತಾರೆ. ಒಂದು ಪೇಟೆಯ ಅಂಗಡಿಯಲ್ಲಿ ನಾನು ಕೇಳಿದ ಮಾತು ಇದು:

“ಇವೆರಡರಾಗ ಫರಕ್ ಏನ್ರಿ ಅಣ್ಣಾರ?” ಎಂದು ಕೊಳ್ಳಲು ಬಂದ ಒಬ್ಬ ತಾಯಿ ಕೇಳಿದಳು.

“ಫರಕ್ ಏನಿಲ್ಲ ಬಿಡ್ರೆವಾ, ರೇಟಿಂದ ಅಷ್ಟ.”

ಅಂಗಡಿಯವನು ಸುಳ್ಳು ಹೇಳಬೇಕೆಂದು ಹೇಳಿದನೆಂದು ನನಗೆ ಅನಿಸಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಆ ತಾಯಿ ಕಡಿಮೆ ಬೆಲೆಯದನ್ನು ಕೊಂಡಳು. ಅವಳ ಸ್ಥಾನದಲ್ಲಿ ಯಾರಿದ್ದರೂ ಅದನ್ನೇ ಕೊಳ್ಳುತ್ತಿದ್ದರು. ಗುಣವು ಪದಾರ್ಥದಲ್ಲಿತ್ತು, ಆದರೆ ಅದನ್ನು ಹೇಳುವ ಬಾಯಿ ಅಲ್ಲಿ ಇರಲಿಲ್ಲ.

ನೋಡುವುದು ಹೇಗೆಂದು ಗೊತ್ತಿದ್ದರೆ ಪರೀಕ್ಷೆ ಸುಲಭ. ಸೆರಗಿನ ತುದಿಯಲ್ಲಿ ಉದ್ದಕ್ಕೆ ಬಂದ ಒಂದು ಎಳೆಯನ್ನು ಬಿಡಿಸಿ ನೋಡಿರಿ. ಒಡಲು ಕಪ್ಪಾಗಿದ್ದು ಸೆರಗಿನ ಉದ್ದೆಳೆ ಬೇರೆ ಬಣ್ಣದ ರೇಶಿಮೆಯಾಗಿದ್ದರೆ ಅಲ್ಲಿ ಹಾಸು ಕೂಡಿದೆ ಎಂದರ್ಥ. ಉದ್ದೆಳೆಯೂ ಕಪ್ಪೇ ಆಗಿದ್ದರೆ ಹಾಸು ಕೂಡಿಸಿಲ್ಲ. ಆಮೇಲೆ ಸೀರೆಯನ್ನು ತಿರುವಿ, ಒಡಲು ಸೆರಗುಗಳ ಗಡಿಯಲ್ಲಿ ಬೆರಳಾಡಿಸಿರಿ. ಕುಣಿಕೆಗಳ ಸಾಲು ಬೆರಳಿಗೇ ಸಿಕ್ಕುತ್ತದೆ. ಇಷ್ಟನ್ನು ಬರೆಯಲು ನನಗೆ ನಾಲ್ಕು ಸಾಲು ಹಿಡಿಯಿತು. ಈ ನಾಲ್ಕು ಸಾಲು ಸೀರೆಯ ಜೊತೆಗೆ ಯಾಕೆ ಹೋಗುವುದಿಲ್ಲ?

ಹಾಗೆ ನೋಡಿದರೆ ನಮ್ಮ ಸೀಮೆಯು ಬರೆಯದೆ ಇದ್ದ ಸೀಮೆಯಲ್ಲ. ಬಾದಾಮಿಯ ನಾಲ್ಕು ಮುಖ್ಯ ಗುಹೆಗಳನ್ನೇ ತೆಗೆದುಕೊಳ್ಳಿರಿ. ಅವುಗಳಲ್ಲಿ ಮೂರನೆಯದರಲ್ಲಿ ಮಾತ್ರ ಕಾಲವನ್ನು ಹೇಳುವ ಶಾಸನವಿದೆ: ಶಕ ವರ್ಷ 500, ಅಂದರೆ ಕ್ರಿ.ಶ. 578, ಮಂಗಳೇಶನ ಬರಹ. ಉಳಿದ ಮೂರನ್ನು ಕೊರೆದ ಕೈಗಳು ಕಡಿಮೆಯವೆಂದು ಯಾರೂ ಹೇಳಲಾರರು. ಒಂದನೆಯ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ನೋಡಿದವರು ಮರೆಯುವುದುಂಟೆ? ಆದರೂ ಅವುಗಳ ಕಾಲವನ್ನು ವಿದ್ವಾಂಸರು ಮೂರನೆಯ ಗುಹೆಯೊಡನೆ ಹೋಲಿಸಿ ಊಹಿಸಬೇಕಾಗಿದೆ. ಕೆಲವು ಸಾಲು ಬರೆದಿಟ್ಟ ಗುಹೆಯು ಬರೆಯದೆ ಬಿಟ್ಟ ಗುಹೆಗಳಿಗೂ ಅಳತೆಗೋಲಾಯಿತು.

ಐಹೊಳೆಯ ಸಂಗತಿ ಇನ್ನೂ ಸ್ವಾರಸ್ಯದ್ದು. ಹುನಗುಂದ ತಾಲೂಕಿನ ಈ ಊರಿನ ಮೇಗುತಿ ಗುಡ್ಡದ ಮೇಲೆ ರವಿಕೀರ್ತಿ ಎಂಬ ಕವಿ ಒಂದು ಕಲ್ಲಿನ ಜಿನಾಲಯವನ್ನು ಕಟ್ಟಿಸಿದನು. ಕಟ್ಟಿಸಿ ಸುಮ್ಮನಾಗಲಿಲ್ಲ. ಅದರ ಗೋಡೆಯ ಮೇಲೆ ತನ್ನ ಒಡೆಯ ಇಮ್ಮಡಿ ಪುಲಿಕೇಶಿಯ ದಿಗ್ವಿಜಯವನ್ನು ಸಂಸ್ಕೃತ ಕಾವ್ಯವಾಗಿ ರಚಿಸಿ ಕೆತ್ತಿಸಿದನು. ಕೊನೆಗೆ ತನ್ನ ಕೀರ್ತಿ ಕಾಳಿದಾಸ ಭಾರವಿಗಳಿಗೆ ಸಮವೆಂದೂ ಬರೆಯಿಸಿದನು. ಕಾಲ ಶಕ 556, ಕ್ರಿ.ಶ. 634. ಆತ್ಮಪ್ರಶಂಸೆ ಸ್ವಲ್ಪ ಹೆಚ್ಚಾಯಿತೆಂದು ನಗುವವರು ನಗಬಹುದು. ಆದರೆ ಆ ಒಂದು ಮಾತಿನಿಂದಲೇ ಕಾಳಿದಾಸನೂ ಭಾರವಿಯೂ 634ಕ್ಕಿಂತ ಮೊದಲಿನವರು ಎಂಬುದು ಸಾಹಿತ್ಯ ಚರಿತ್ರೆಗೆ ನಿಶ್ಚಯವಾಗಿ ಸಿಕ್ಕಿತು. ಮಾಡುವವನೂ ಬರೆಯುವವನೂ ಒಬ್ಬನೇ ಆದರೆ ಏನಾಗುತ್ತದೆ ಎಂಬುದಕ್ಕೆ ನನಗೆ ತಿಳಿದ ಮೊದಲ ದೃಷ್ಟಾಂತ ಇವನದೇ.

ರವಿಕೀರ್ತಿ ಕವಿ, ರಾಜಾಶ್ರಿತ. ಅವನಿಗೆ ಬರೆಯುವುದು ಸುಲಭ ಎಂದು ಯಾರಾದರೂ ಆಕ್ಷೇಪಿಸಬಹುದು. ಕೈಕೆಲಸದವನ ಮಾತೇನು? ಅದಕ್ಕೆ ಪಟ್ಟದಕಲ್ಲಿಗೆ ಹೋಗಬೇಕು. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಪತಿಯ ಕಂಚಿಯ ವಿಜಯದ ನೆನಪಿಗೆ ಕಟ್ಟಿಸಿದ ದೇವಾಲಯವೇ ಇಂದಿನ ವಿರೂಪಾಕ್ಷ. ಅಲ್ಲಿಯ ಕನ್ನಡ ಶಾಸನಗಳು ರಾಜರಾಣಿಯರ ಹೆಸರನ್ನು ಹೇಳಿ ನಿಲ್ಲುವುದಿಲ್ಲ. ಅದನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ; ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆಯಿತು. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನನ್ನು ತೆಂಕಣ ದಿಶೆಯ ಸೂತ್ರಧಾರಿಯೆಂದು ಕರೆದು, ಅವನಿಗೆ ಏನೇನು ಮಾಡಲು ಬರುತ್ತಿತ್ತೆಂಬುದನ್ನೂ ಎಣಿಸಿದ್ದಾರೆ: ಪ್ರಾಸಾದ, ವಾಹನ, ಆಸನ, ಶಯನ, ಮಣಿಮುಕುಟ. ಪಕ್ಕದ ಪಾಪನಾಥ ದೇವಾಲಯದಲ್ಲಿ ಇದೇ ಸರ್ವಸಿದ್ಧಿ ಆಚಾರಿಯ ಪರಂಪರೆಯ ರೇವಡಿ ಓವಜ್ಜನ ಹೆಸರಿದೆ. ಹನ್ನೆರಡು ನೂರು ವರ್ಷಗಳ ಹಿಂದಿನ ಕಲ್ಲುಕುಟಿಗರನ್ನು ನಾವು ಹೆಸರು ಹಿಡಿದು ಕರೆಯಬಲ್ಲೆವು. ಹೋದ ವರ್ಷ ನೇಯ್ದ ಸೀರೆಯ ನೇಕಾರ ಯಾರೆಂದು ಕೇಳಿದರೆ ಉತ್ತರವಿಲ್ಲ.

ಹೊರದೇಶದ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಗ್ಲಂಡಿನ ಜೋಸಾಯ ವೆಜ್‌ವುಡ್ (1730–1795) ಕುಂಬಾರರ ಮನೆಯ ಮಗ. 1759ರಲ್ಲಿ ಸ್ವಂತ ಕಾರಖಾನೆ ತೆಗೆದನು. ಮಣ್ಣಿನ ಪಾತ್ರೆಗಳ ತಳದಲ್ಲಿ ತನ್ನ ಹೆಸರನ್ನು ಒತ್ತಿಸಿದನು. 1773ರಲ್ಲಿ ತನ್ನ ಅಲಂಕಾರದ ಪಾತ್ರೆಗಳ ವಿವರಣೆಯನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿದನು. ನೆರೆಯ ಕುಂಬಾರರ ಮಣ್ಣೂ ಬೆಂಕಿಯೂ ಅವನದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಆದರೆ ಅವನ ಪಾತ್ರೆ ತಾನು ಯಾರ ಕೈಯದೆಂದು ಹೇಳುತ್ತಿತ್ತು.

ಈಗ ನಮ್ಮ ಸೀಮೆಯ ನಿಜವಾದ ಉದ್ಯಮಸ್ಥಾಪಕನೊಬ್ಬನ ಹತ್ತಿರ ಬರುತ್ತೇನೆ. ಡಾ. ಫ. ಗು. ಹಳಕಟ್ಟಿಯವರನ್ನು (1880–1964) ನಾವು ವಚನ ಪಿತಾಮಹರೆಂದು ಪೂಜಿಸುತ್ತೇವೆ. ಪೂಜೆಯ ಭರದಲ್ಲಿ, ಅವರು ಒಂದರ ಮೇಲೊಂದು ಸಂಸ್ಥೆಯನ್ನು ಆರಂಭಿಸಿದವರು ಎಂಬುದು ಹಿಂದೆ ಸರಿಯುತ್ತದೆ. ಧಾರವಾಡದಲ್ಲಿ ಹುಟ್ಟಿ, ವಕೀಲರಾಗಿ ವಿಜಾಪುರದಲ್ಲಿ ನೆಲೆಸಿದವರು. ಆಗ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದಗಳೆಲ್ಲ ವಿಜಾಪುರ ಜಿಲ್ಲೆಗೇ ಸೇರಿದ್ದವು; ನಮ್ಮದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಈ ಪಟ್ಟಿಯನ್ನು ಇಂದಿನ ಯಾವ ಸ್ಟಾರ್ಟ್‌ಅಪ್ ಮಹಾಶಯನ ಮುಂದೆ ಇಟ್ಟರೂ ಅವನು ಎದ್ದು ನಿಲ್ಲಬೇಕು.

ಅವರ ಮುಖ್ಯ ಕಾರ್ಯದ ಬೀಜ ಬಿದ್ದದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ರಬಕವಿಯಲ್ಲಿ. 1903ರಲ್ಲಿ ಅಲ್ಲಿಯ ಮಂಚಾಲೆ ಮನೆತನದವರಲ್ಲಿದ್ದ ತಾಡೋಲೆಗಳನ್ನು ಅವರು ಕಂಡರು. ರಬಕವಿಯೂ ಮಗ್ಗದ ಊರೇ ಎಂಬುದು ನನಗೆ ಸಂತೋಷದ ಸಂಗತಿ. ಅಂದಿನಿಂದ ಮನೆಮನೆಗೆ, ಮಠಮಠಕ್ಕೆ ಅಲೆದು ಓಲೆಗರಿಗಳನ್ನು ಕೂಡಿಹಾಕಿದರು. ಓಲೆಗರಿಯಲ್ಲಿ ಪದಗಳ ನಡುವೆ ಬಿಡುವು ಇರುವುದಿಲ್ಲ. ನಕಲುಗಾರನಿಂದ ನಕಲುಗಾರನಿಗೆ ಪಾಠ ಬದಲಾಗುತ್ತದೆ. ಹುಳು ತಿಂದ ಕಡೆ ಅಕ್ಷರವೇ ಇರುವುದಿಲ್ಲ. ಹಲವು ಪ್ರತಿಗಳನ್ನು ಎದುರಿಗಿಟ್ಟು, ಎಳೆಗೆ ಎಳೆ ಕೂಡಿಸಿ, ಎಲ್ಲಿ ಒಬ್ಬರ ವಚನ ಮುಗಿಯಿತು, ಎಲ್ಲಿ ಇನ್ನೊಬ್ಬರದು ತೊಡಗಿತು ಎಂದು ನಿಶ್ಚಯಿಸಬೇಕು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಬೆಳಗಾವಿಯ ಮಹಾವೀರ ಮುದ್ರಣಾಲಯದಿಂದ ಹೊರಬಿತ್ತು.

ಪುಸ್ತಕ ಹೊರಬಿದ್ದ ಎರಡು ವರ್ಷಗಳಿಗೆ ಅವರು ತಮ್ಮ ಮನೆಯನ್ನು ಮಾರಿ ಮುದ್ರಣಾಲಯವನ್ನು ಹಾಕಿದರು. ಇದನ್ನು ತ್ಯಾಗವೆಂದು ಹೇಳಿ ಮುಗಿಸುವುದು ವಾಡಿಕೆ. ತ್ಯಾಗ ಹೌದು. ಆದರೆ ಅದರಲ್ಲಿ ಒಂದು ಲೆಕ್ಕಾಚಾರವೂ ಇತ್ತೆಂದು ನನ್ನ ಭಾವನೆ. ವಚನವೆಂದರೇನೆಂದು ಅಚ್ಚಿನ ಪುಸ್ತಕ ಓದುವವರಲ್ಲಿ ಹೆಚ್ಚಿನವರಿಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದ ಪದಾರ್ಥವನ್ನು ಯಾರು ಕೇಳುತ್ತಾರೆ? ಆದ್ದರಿಂದ ಪದಾರ್ಥದ ಜೊತೆಗೆ ಅದನ್ನು ಬಲ್ಲ ಗಿರಾಕಿಯನ್ನೂ ತಯಾರು ಮಾಡಬೇಕಾಗಿತ್ತು. ‘ಶಿವಾನುಭವ’ವು ಸಂಚಿಕೆಯಿಂದ ಸಂಚಿಕೆಗೆ ವಚನಗಳನ್ನು ಕೊಡುತ್ತ, ವಚನಕಾರರ ಚರಿತ್ರೆಯನ್ನು ಹೇಳುತ್ತ, ಓದುವವರನ್ನು ಹುಟ್ಟಿಸಿತು. 1993ರಲ್ಲಿ ಸರಕಾರವು ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ತಂದಾಗ ಅದನ್ನು ಕೊಂಡು ಓದುವ ಜನ ಕನ್ನಡ ನಾಡಿನಲ್ಲೆಲ್ಲ ಇದ್ದರು. ಅಂಥ ಜನ ತಾವಾಗಿಯೇ ಹುಟ್ಟಿಕೊಂಡವರಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಹಳಕಟ್ಟಿಯವರು ಬಡವರಾಗಿಯೇ ತೀರಿಕೊಂಡರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಕೊಟ್ಟಿತು, ಆದರೆ ಮಾರಿದ ಮನೆ ತಿರುಗಿ ಬರಲಿಲ್ಲ, ಬಾಡಿಗೆಯ ಮನೆಯೇ ಗತಿಯಾಯಿತು. ಅವರು ಆರಂಭಿಸಿದವುಗಳಲ್ಲಿ ಯಾವುವು ಉಳಿದವೆಂದು ನೋಡಿದರೆ, ಹಲವರ ಹೆಗಲು ಕೂಡಿದ ವಿದ್ಯಾಸಂಸ್ಥೆಯೂ ಬ್ಯಾಂಕೂ ಇಂದಿಗೂ ನಡೆದಿವೆ. ಒಬ್ಬರೇ ಹೊತ್ತ ಮುದ್ರಣಾಲಯ ಹೊತ್ತವರನ್ನೇ ತಿಂದಿತು. ಗುಣವನ್ನು ಕಾಯುವವನು ತಾನು ಸವೆಯಲೇಬೇಕು ಎಂಬ ಮಾತನ್ನು ಸಭೆಗಳಲ್ಲಿ ಚಪ್ಪಾಳೆಯೊಂದಿಗೆ ಕೇಳುತ್ತೇವೆ. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಆ ಮಾತು ಅಷ್ಟು ರುಚಿಸುವುದಿಲ್ಲ. ಸವೆದವರನ್ನು ನಾವು ದಿನಾಲೂ ಕುಣಿಯೊಳಗೆ ಕಾಲಿಟ್ಟು ಕೂತಿರುವುದನ್ನು ಕಾಣುತ್ತೇವೆ.

ಇಳಕಲ್ ಸೀರೆಗೆ ಸರಕಾರದ ರಕ್ಷಣೆ ಇಲ್ಲವೇ ಎಂದು ಕೇಳಬಹುದು. ಇದೆ. 1985ರ ಕಾಯ್ದೆಯು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. 1999ರಲ್ಲಿ ಪಾಸಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯ್ದೆಯ ಮೇರೆಗೆ ಇಳಕಲ್ ಸೀರೆ 76ನೆಯ ಕ್ರಮಾಂಕದಲ್ಲಿ ದಾಖಲಾಗಿದೆ. 2006ರಲ್ಲಿ ಕೈಮಗ್ಗದ ಮುದ್ರೆಯೂ ಬಂದಿತು. ಇವೆಲ್ಲ ಬೇಕಾದವೇ. ಭೌಗೋಳಿಕ ಸೂಚಕಕ್ಕೆ ಅರ್ಜಿ ಹಾಕುವುದೆಂದರೆ ಪದಾರ್ಥವನ್ನು ಹೇಗೆ ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ, ಬೇರೆಯದಕ್ಕಿಂತ ಅದು ಹೇಗೆ ಭಿನ್ನ ಎಂಬುದನ್ನು ವಿವರವಾಗಿ ಬರೆದುಕೊಡುವುದೇ. ಟೋಪತೆನಿ, ಕೊಂಡಿ ಎಲ್ಲ ಅದರಲ್ಲಿ ಉಂಟು. ಆದರೆ ಅದು ಕಚೇರಿಯ ಕಡತದಲ್ಲಿರುವ ಬರಹ. ಅಂಗಡಿಯ ಕಟ್ಟೆಯ ಮೇಲೆ ಕುಳಿತ ತಾಯಿಯ ಕೈಗೆ ಅದು ಬರುವುದಿಲ್ಲ.

ಇದೇ ಕೆಲಸ ನಮ್ಮಂಥವರದೆಂದು ನನಗೆ ತೋರುತ್ತದೆ. ಯಂತ್ರ ಕಂಡುಹಿಡಿಯುವುದು ನಮಗೆ ಬಾರದು, ಬಂಡವಾಳವೂ ಇಲ್ಲ. ಕನ್ನಡವನ್ನು ತಕ್ಕಮಟ್ಟಿಗೆ ಓದಿದ್ದೇವೆ, ಮಗ್ಗದ ಸದ್ದಿನಲ್ಲಿ ಬೆಳೆದಿದ್ದೇವೆ. ಎರಡೂ ಕೂಡಿದವರು ಇಲ್ಲಿಯವರೆಗೆ ಹೆಚ್ಚು ಮಂದಿ ಇರಲಿಲ್ಲ. ನಾನೂ ನಮ್ಮ ಓಣಿಯ ಇಬ್ಬರು ಗೆಳತಿಯರೂ ಕೂಡಿ ಸೀರೆಯ ಮಡಿಕೆಯಲ್ಲಿ ಇಡುವಂಥ ಅರ್ಧ ಹಾಳೆಯ ಒಂದು ಚೀಟಿಯನ್ನು ಸಿದ್ಧಪಡಿಸುತ್ತಿದ್ದೇವೆ. ಸೆರಗಿನ ಉದ್ದೆಳೆಯನ್ನು ನೋಡುವ ಬಗೆ, ಕೊಂಡಿಯ ಗುರುತು, ದಡಿಯ ಹೆಸರು, ನೂಲು ಯಾವುದು, ಒಗೆಯುವುದು ಹೇಗೆ. ಕೆಳಗೆ ನೇಯ್ದವರ ಹೆಸರಿಗೂ ಹಾಸು ಕೂಡಿಸಿದವರ ಹೆಸರಿಗೂ ಒಂದೊಂದು ಗೆರೆ. ಮೂರು ಸಲ ತಿದ್ದಿ ಬರೆದಿದ್ದೇವೆ. ‘ಪರಂಪರೆ’, ‘ವೈಭವ’ ಎಂಬ ಶಬ್ದಗಳನ್ನು ಹೊಡೆದುಹಾಕಿದ ಮೇಲೆ ಚೀಟಿ ಅರ್ಧದಷ್ಟಾಯಿತು. ಮನೆ ಮಾರಿ ಇದನ್ನು ಅಚ್ಚು ಹಾಕಿಸುವ ವಿಚಾರ ಯಾರಿಗೂ ಇಲ್ಲ. ನೇಕಾರರ ಸಹಕಾರಿ ಸಂಘದವರ ಮುಂದೆ ಇಡಬೇಕೆಂದಿದ್ದೇವೆ.

ಮೊದಲು ನಮ್ಮ ಕಾಕಾನಿಗೆ ಓದಿ ಹೇಳಿದೆ. ಅವನು ಲಾಳಿ ನಿಲ್ಲಿಸಿ ಪೂರ್ತಿ ಕೇಳಿದನು. “ಹೆಸರೇನೋ ಬರಿಸೀಯವಾ, ಛಲೋ ಆತು. ಮಜೂರಿ ಎಷ್ಟಂತನೂ ಬರಿ ತಂಗಿ, ಕೊಂಡಾಕಿಗೆ ಅದೂ ಗೊತ್ತಾಗ್ಲಿ” ಅಂದನು. ಅದಕ್ಕೂ ಒಂದು ಗೆರೆಯನ್ನು ಸೇರಿಸಿದ್ದೇವೆ. ಆ ಗೆರೆಯ ಮುಂದಿನ ಅಂಕಿಯನ್ನು ತುಂಬಬೇಕಾದವರು ಮಾಲಕರು. ಅವರನ್ನು ಕಾಣಲು ಬರುವ ಸೋಮವಾರ ಹೋಗುವವರಿದ್ದೇವೆ.